ಫೋಟೋದಲ್ಲಿ ಬೀಳದ ದಾರಿ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಪೈಕಿ ನಾನು. ಕೋಲಾರದ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದಾಗ ಸ್ಟಾಫ್ ರೂಮಿನಲ್ಲಿ ಕಾಫಿಯ ಹೊತ್ತಿಗೆ ಇಂಥ ಕಥೆಗಳು ಬರುತ್ತಿದ್ದವು. ಒಬ್ಬರ ಮಾವನಿಗೆ ಹುಣಸೆಮರದ ಕೆಳಗೆ ಯಾರೋ ಸುಣ್ಣ ಕೇಳಿದ್ದರು, ಇನ್ನೊಬ್ಬರ ಚಿಕ್ಕಪ್ಪನ ಸೈಕಲ್ಲಿನ ಹಿಂದೆ ಯಾರೋ ಕೂತಿದ್ದರು. ನೋಡಿದವರು ಯಾವಾಗಲೂ ಮಾವ ಅಥವಾ ಚಿಕ್ಕಪ್ಪ. ಹೇಳುವವರು ಮಾತ್ರ ಎಂದೂ ಏನನ್ನೂ ನೋಡಿದವರಲ್ಲ. ನಾನು ಅದನ್ನೇ ಹಿಡಿದು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಅದಕ್ಕೇ ಇರಬೇಕು, ನನ್ನ ಅನುಭವವನ್ನು ಹೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಅಮಾವಾಸ್ಯೆ ಇಲ್ಲ, ಬಿಳಿ ಸೀರೆ ಇಲ್ಲ, ಯಾರೂ ಸುಣ್ಣ ಕೇಳಲಿಲ್ಲ. ಹಾಡುಹಗಲು, ನೆತ್ತಿ ಸುಡುವ ಬಿಸಿಲು, ಪಕ್ಕದಲ್ಲಿ ಗೆಳೆಯ. ನನಗೆ ಹೆದರಿಕೆಯೂ ಆಗಲಿಲ್ಲ. ಆದದ್ದು ಸಿಟ್ಟು, ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಓದುವವರಿಗೆ ಮೈ ಜುಮ್ಮೆನ್ನಿಸುವುದು ನನ್ನಿಂದ ಆಗದ ಕೆಲಸ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಹಳೆಯ ಕಣಿವೆ ದಾರಿಗಳ ಫೋಟೋ ತೆಗೆಸುವುದು. ನಮ್ಮ ಕಡೆ ನೀರಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಬೆಟ್ಟಗಳಿಗೆ ಮಾತ್ರ ಕೊರತೆಯಿಲ್ಲ ಎಂದು ಯಾರೂ ಹೇಳುವುದಿಲ್ಲ. ಎರಡು ಬೆಟ್ಟಗಳ ಸಂದಿಯಲ್ಲಿ ಎಲ್ಲೆಲ್ಲಿ ಒಂದು ಗಾಡಿ ನುಗ್ಗುವಷ್ಟು ಜಾಗವಿತ್ತೋ ಅಲ್ಲೆಲ್ಲ ಒಂದು ಕಾಲಕ್ಕೆ ದಾರಿ ಇತ್ತು. ಘಟ್ಟದ ಕೆಳಗಿನಿಂದ ಉಪ್ಪು ಬಂದದ್ದು, ಮೇಲಿನಿಂದ ಬೆಲ್ಲ, ರಾಗಿ ಹೋದದ್ದು, ದಂಡು ಹಾದುಹೋದದ್ದು ಎಲ್ಲವೂ ಈ ಸಂದಿಗಳಲ್ಲೇ. ಟಾರು ರಸ್ತೆಗಳು ಬಂದ ಮೇಲೆ ಇವು ಒಂದೊಂದಾಗಿ ಮುಳ್ಳು ಹಬ್ಬಿ ಮುಚ್ಚಿಕೊಂಡವು. ಬಂಡೆಯ ಮೇಲೆ ಗಾಡಿಚಕ್ರ ಸವೆಸಿದ ಗೀರು, ಒಂದು ಹಾಳುಬಾವಿ, ದಾರಿಹೋಕರು ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಎರಡು ಕಂಬ ನೆಟ್ಟು ಮೇಲೆ ಅಡ್ಡ ಹಾಕಿದ ಕಲ್ಲು, ಉಳಿದದ್ದು ಇಷ್ಟೇ. ಇವೂ ಹೋಗುವ ಮೊದಲು ಚಿತ್ರ ಹಿಡಿದಿಡಬೇಕೆಂಬುದು ನನ್ನ ಆಸೆ. ಮನುಷ್ಯರೇ ಇಲ್ಲದ ಫೋಟೋ ತೆಗೆಸಿ ಬೀರುವಿನಲ್ಲಿ ತುಂಬುವವರು ಲೋಕದಲ್ಲಿ ನೀವೊಬ್ಬರೇ ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು.

ಫೋಟೋ ತೆಗೆಯುತ್ತಿದ್ದವನು ಜಬ್ಬಾರ್. ಕೋಲಾರದ ಪೇಟೆಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ಹುಟ್ಟಿ ಬೆಳೆದದ್ದು ಶ್ರೀನಿವಾಸಪುರದಲ್ಲಿ. ಅಪ್ಪ ಮಾವಿನಹಣ್ಣಿನ ವ್ಯಾಪಾರಿ. ಮನೆಯಲ್ಲಿ ದಖ್ನಿ, ಮಂಡಿಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ನಾನು ಮಾಲೂರಿನವನು. ತೆಲುಗು ನನಗೆ ಅರ್ಥವಾಗುತ್ತದೆ, ಆದರೆ ಯಾರು ಏನು ಮಾತಾಡಿದರೂ ನನ್ನ ಕಿವಿ ಮೊದಲು ಅದನ್ನು ಕನ್ನಡವೆಂದೇ ತಿಳಿಯುತ್ತದೆ. ಜಬ್ಬಾರನ ಕಿವಿ ಹಾಗಲ್ಲ. ಭಾನುವಾರ ಬಂತೆಂದರೆ ಇಬ್ಬರೂ ನನ್ನ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದೆವು. ಮದುವೆ ಮನೆಗಳಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ನಿಲ್ಲಿಸಿ ಅವನಿಗೆ ಸಾಕಾಗಿತ್ತು. "ಕಲ್ಲು ಅಲ್ಲಾಡಲ್ಲ, ಕಣ್ಣು ಮುಚ್ಚಲ್ಲ, ಇನ್ನೊಂದು ಕಾಪಿ ಬಿಟ್ಟಿ ಕೊಡು ಅನ್ನಲ್ಲ ಮೇಷ್ಟ್ರೇ," ಎಂದು ನಗುತ್ತಿದ್ದ.

ನಮ್ಮ ಅಕ್ಕನನ್ನು ಕೊಟ್ಟಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನ ಕಡೆ, ಬೆಟ್ಟದ ಹಿಂದೆ ಸಿಕ್ಕಿಕೊಂಡ ಒಂದು ಹಳ್ಳಿಗೆ. ಜನರ ಬಾಯಲ್ಲಿ ಅದು ಕನುಮನಹಳ್ಳಿ. ತೆಲುಗಿನಲ್ಲಿ ಕನುಮ ಎಂದರೆ ಕಣಿವೆ. ಕಚೇರಿಯ ಯಾರೋ ಪುಣ್ಯಾತ್ಮ ಅದನ್ನು ಬರವಣಿಗೆಯ ತಪ್ಪೆಂದು ತಿಳಿದು ಹನುಮನಹಳ್ಳಿ ಎಂದು ತಿದ್ದಿದ್ದ. ಊರಲ್ಲಿ ಹನುಮಂತನ ಗುಡಿಯೇ ಇರಲಿಲ್ಲ. ಇದ್ದದ್ದು ಕಣಿವೆ, ಅದೂ ಮುಚ್ಚಿಹೋಗಿತ್ತು. ಅಕ್ಕನ ಅತ್ತೆಯ ಕಾಲದವರು ಆ ದಾರಿಯಲ್ಲಿ ಗಾಡಿ ಹೋಗುತ್ತಿದ್ದುದನ್ನು ಕೇಳಿ ಬಲ್ಲವರೇ ಹೊರತು ನೋಡಿದವರಲ್ಲ. ಊರಿನವರು ಬಸ್ಸು ಹಿಡಿಯಬೇಕಾದರೆ ಬೆಟ್ಟವನ್ನೇ ಬಳಸಿಕೊಂಡು ಅರ್ಧ ದಿನ ನಡೆಯಬೇಕಿತ್ತು.

ಅಕ್ಕನ ಮಗಳು ರತ್ನ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನೋವು ಕಾಣಿಸಿಕೊಂಡಾಗ ಸೂಲಗಿತ್ತಿ ಕೈಚೆಲ್ಲಿದಳು. ಗಾಡಿಯಲ್ಲಿ ಮಲಗಿಸಿಕೊಂಡು ಬೆಟ್ಟ ಬಳಸಿ ಮುಳಬಾಗಿಲಿಗೆ ಹೊರಟರು. ರತ್ನ ಬದುಕಿಕೊಂಡಳು, ಮಗು ಉಳಿಯಲಿಲ್ಲ. ನಾನು ನೋಡಲು ಹೋದಾಗ ಅಕ್ಕ ಅಳಲಿಲ್ಲ. ಹಿತ್ತಲಲ್ಲಿ ನಿಂತು ಬೆಟ್ಟದ ಸಂದಿಯನ್ನು ತೋರಿಸಿ, "ಅಲ್ಲಿ ದಾರಿ ಇದ್ದಿದ್ರೆ ಮಗು ಉಳೀತಿತ್ತು ಕಣೋ. ಊರೂರು ಸುತ್ತಿ ಕಲ್ಲಿನ ಫೋಟೋ ತೆಗೆಸ್ತೀಯಲ್ಲ, ಇದನ್ನ ಯಾಕೋ ಬಿಟ್ಟೆ?" ಎಂದಳು. ಆ ಮಾತು ನನಗೆ ನಾಟಿತು.

ಆಗ ಆ ಕಡೆಗೆ ಒಂದು ರಸ್ತೆ ಮಾಡುವ ಮಾತು ನಡೆದಿತ್ತು. ಬೆಟ್ಟ ಬಳಸಿ ಮಾಡುವುದೋ, ಕಣಿವೆಯಲ್ಲಿ ತರುವುದೋ ಎಂಬುದು ತೀರ್ಮಾನವಾಗಿರಲಿಲ್ಲ. ನಾನು ಇಂಜಿನಿಯರನ್ನು ಹೋಗಿ ಕಂಡೆ. ಒಳ್ಳೆಯ ಮನುಷ್ಯ, ಸುಮ್ಮನೆ ದೂರಲಾರೆ. "ಮೇಷ್ಟ್ರೇ, ನಮ್ಮ ಮ್ಯಾಪಲ್ಲಿ ಆ ಜಾಗದಲ್ಲಿ ಬರೀ ಬಂಡೆ, ಪೊದೆ. ಹಿಂದೆ ಗಾಡಿ ಓಡಾಡಿದ್ದು ನಿಜ ಆದ್ರೆ ಏರಿಳಿತ ಸರಿಯಾಗಿದೆ ಅಂತ ಅರ್ಥ. ನಾನು ಅದಕ್ಕೇ ಬರೀತೀನಿ. ಬಾಯಿಮಾತಲ್ಲಿ ಆಗಲ್ಲ, ದಾರೀದೊಂದು ಫೋಟೋ ತಂದುಕೊಡಿ, ಸಾಕು," ಎಂದರು. ನನಗೆ ನಗು ಬಂತು. ಊರೆಲ್ಲ ಬಿಟ್ಟು ಫೋಟೋ ತಂದುಕೊಡಿ ಎಂದು ನನ್ನನ್ನು ಕೇಳುತ್ತಿದ್ದರು. ಕೆಲಸ ಆದಂತೆಯೇ ಎಂದು ಅಕ್ಕನಿಗೆ ಹೇಳಿಕಳಿಸಿದೆ.

ಊರ ಕಡೆಯಿಂದ ಆ ಸಂದಿಯೊಳಗೆ ಕಾಲಿಡುವಂತಿರಲಿಲ್ಲ. ಭಾವ ಮತ್ತು ಇಬ್ಬರು ಮಚ್ಚು ಹಿಡಿದು ಹೋಗಿ ಮೈಯೆಲ್ಲ ಗೀರಿಸಿಕೊಂಡು ಬಂದಿದ್ದರು. ಹಾಗಾಗಿ ನಾನೂ ಜಬ್ಬಾರನೂ ಆಚೆಯಿಂದ, ಮುಳಬಾಗಿಲಿನ ರಸ್ತೆಯ ಕಡೆಯಿಂದ ಪ್ರಯತ್ನಿಸುವುದೆಂದು ಮಾತಾಯಿತು. ಮಾವಿನ ಕಾಲ. ಬೆಟ್ಟದ ಬುಡದಲ್ಲಿ ಒಂದು ಮಾವಿನ ತೋಪಿತ್ತು. ಸ್ಕೂಟರನ್ನು ತೋಪಿನ ಕಾವಲುಗಾರನ ಗುಡಿಸಲ ಮುಂದೆ ನಿಲ್ಲಿಸಿ, ಅವನು ಕೊಟ್ಟ ನೀರು ಕುಡಿದು ಹತ್ತತೊಡಗಿದೆವು.

ಹುಡುಕುವ ಕಷ್ಟವೇ ಬೀಳಲಿಲ್ಲ. ತೋಪಿನ ಬೇಲಿ ದಾಟಿ, ಒಂದು ದೊಡ್ಡ ಗುಂಡುಬಂಡೆಯನ್ನು ಬಳಸಿದ್ದೇ ತಡ, ದಾರಿ ಎದುರಿಗಿತ್ತು. ಎರಡು ಗಾಡಿ ಪಕ್ಕಪಕ್ಕ ಹೋಗುವಷ್ಟು ಅಗಲ. ಚಪ್ಪಡಿ ಹಾಸಿದ ನೆಲ, ಚಪ್ಪಡಿಯ ಮೇಲೆ ಚಕ್ರ ಹರಿದು ಮಾಡಿದ ಎರಡು ಗೀರು, ಪಕ್ಕದಲ್ಲಿ ಮಳೆನೀರು ಇಳಿದುಹೋಗಲು ಕಟ್ಟಿದ ಸಣ್ಣ ಮೋರಿ. ಹುಲ್ಲುಕಡ್ಡಿ ಕೂಡ ಬೆಳೆದಿರಲಿಲ್ಲ. ಇಷ್ಟು ಚೆನ್ನಾಗಿ ಉಳಿದ ಕಣಿವೆ ದಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಷ್ಟು ಚೆನ್ನಾಗಿರುವುದು ಹೇಗೆ ಎಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಜಬ್ಬಾರ್ ಹೆಜ್ಜೆಗೊಂದು ಫೋಟೋ ತೆಗೆದ. ಅಗಲ ತಿಳಿಯಲಿ ಎಂದು ನನ್ನನ್ನು ದಾರಿಯ ನಡುವೆ ನಿಲ್ಲಿಸಿಯೂ ತೆಗೆದ. ಸೊಂಟದ ಮೇಲೆ ಕೈಯಿಟ್ಟುಕೊಂಡು ದೊರೆಯ ಹಾಗೆ ನಿಂತೆ. ದಾರಿ ಎರಡು ಕಡೆ ತಿರುಗಿಕೊಂಡು, ಎಲ್ಲೂ ದಮ್ಮು ಹತ್ತದ ಹಾಗೆ ಮೇಲಕ್ಕೆ ಹೋಗುತ್ತಿತ್ತು. ಕಟ್ಟಿದವನು ಎತ್ತುಗಳ ಕಷ್ಟ ಬಲ್ಲವನೇ ಇರಬೇಕು.

ಕಣಿವೆಯ ನೆತ್ತಿಯ ಮೇಲೆ ಹೊರೆ ಇಳಿಸುವ ಕಲ್ಲಿತ್ತು. ಅದರ ನೆರಳಲ್ಲಿ ಒಬ್ಬ ಹೆಂಗಸು ಕೂತಿದ್ದಳು. ವಯಸ್ಸು ಐವತ್ತೋ ಅರವತ್ತೋ, ಈ ಕಡೆಯ ಹೆಂಗಸರ ಹಾಗೆಯೇ ಸೀರೆ, ಕೈಯಲ್ಲಿ ಮೇಕೆಗೆ ಸೊಪ್ಪು ಕಡಿಯುವ ಕೊಕ್ಕೆಕೋಲು. ಮೇಕೆಗಳು ಅಲ್ಲೇ ಎಲ್ಲೋ ಮೇಯುತ್ತಿರಬೇಕು ಎಂದುಕೊಂಡೆ. ಜಬ್ಬಾರ್ ಕ್ಯಾಮೆರಾ ಎತ್ತಿದಾಗ ಅವಳು ಸೆರಗು ಮುಖಕ್ಕೆ ಎಳೆದುಕೊಂಡಳು, ಅವನು ಇಳಿಸಿದ. ನಾವು ಅವಳನ್ನು ದಾಟಿ ಇಳಿಯತೊಡಗಿದಾಗ ಅವಳು ಒಂದು ಮಾತು ಹೇಳಿದಳು.

"ಈ ದಾರಿ ಕಾದು."

ಅಷ್ಟೇ. ನಾನು ಕನ್ನಡದಲ್ಲಿ ಕೇಳಿಸಿಕೊಂಡೆ. ಈ ದಾರಿ ಕಾದು ಕಾದು ಸಾಕಾಯಿತು ಎನ್ನಲು ಹೊರಟು, ಮುಂದಿನದನ್ನು ಬಾಯೊಳಗೇ ಬಿಟ್ಟಳು ಎಂದುಕೊಂಡೆ. ಅಕ್ಕನ ಊರಿನವರೆಲ್ಲ ರಸ್ತೆಗೆ ಕಾದು ಕೂತವರೇ ತಾನೇ? ನಾನು ತಿರುಗಿ ನಿಂತು, "ಬರುತ್ತಮ್ಮ, ಬರುತ್ತೆ. ಇನ್ನು ಹೆಚ್ಚು ದಿನ ಇಲ್ಲ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಜಬ್ಬಾರ್ ಸರಸರನೆ ಇಳಿಯತೊಡಗಿದ.

ಊಟದ ಹೊತ್ತಿಗೆಲ್ಲ ನಾವು ಅಕ್ಕನ ಹಿತ್ತಲಲ್ಲಿದ್ದೆವು. ಅಕ್ಕ ಒಗೆದ ಬಟ್ಟೆ ಹರವುತ್ತಿದ್ದವಳು ನಾವು ಬೆಟ್ಟದ ಸಂದಿಯಿಂದ ಇಳಿದು ಬರುವುದನ್ನು ದೂರದಿಂದಲೇ ನೋಡಿದ್ದಳು. ಕೈಯಲ್ಲಿದ್ದ ಸೀರೆ ಹಾಗೇ ಬಿಟ್ಟು ಓಡಿಬಂದಳು. "ಬಂದ್ಯೇನೋ! ಆ ದಾರೀಲೇ ಬಂದ್ಯಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮಗು ಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ. ಮುದ್ದೆ, ಮಾವಿನಕಾಯಿ ಹಾಕಿದ ಬೇಳೆಸಾರು ಮಾಡಿ ಬಡಿಸಿದಳು. ನಮ್ಮ ಪ್ಯಾಂಟಿಗೆ ಒಂದು ಮುಳ್ಳೂ ಅಂಟಿರಲಿಲ್ಲ, ಮೈಯಲ್ಲಿ ಒಂದು ಗೀರಿರಲಿಲ್ಲ ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ. ಭಾವ ಹೊಲದಿಂದ ಬಂದವರು ಅದೇ ದಾರಿಯನ್ನು ನೋಡಿಕೊಂಡು ಬರುತ್ತೇನೆಂದು ಹೋಗಿ, ಮುಳ್ಳು ಬಿಡಲಿಲ್ಲ ಎಂದು ಹಿಂತಿರುಗಿದರು. ನಾವು ಇಳಿದ ಜಾಗ ಅವರಿಗೆ ಸಿಕ್ಕಿಲ್ಲ ಎಂದುಕೊಂಡು ನಾನು ನಕ್ಕೆ.

ವಾಪಸು ಕಣಿವೆಯಲ್ಲಿ ಹೋಗೋಣವೆಂದರೆ ಜಬ್ಬಾರ್ ಖಡಾಖಂಡಿತವಾಗಿ ಬೇಡವೆಂದ. "ನಕ್ಕೋ ಮೇಷ್ಟ್ರೇ, ಗಾಡೀಲಿ ಸುತ್ತಾಕೊಂಡೇ ಹೋಗೋಣ." ಭಾವನ ಗಾಡಿ ಹತ್ತಿದೆವು. ಬೆಟ್ಟ ಬಳಸಿ ತೋಪು ಸೇರುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ದಾರಿಯಲ್ಲಿ ಅವನು ಕೇಳಿದ: "ಆ ಯಮ್ಮ ಹಂಗಂದಾಗ ನೀವ್ಯಾಕೆ ಬರುತ್ತೆ ಬರುತ್ತೆ ಅಂದ್ರಿ?"

"ದಾರಿಗೆ ಕಾದು ಸಾಕಾಯ್ತು ಅಂದ್ಲಲ್ಲ, ಅದಕ್ಕೆ ಸಮಾಧಾನ ಹೇಳ್ದೆ."

"ಅರೆ ಅಲ್ಲಾ! ಅವಳು ತೆಲುಗಲ್ಲಿ ಹೇಳಿದ್ದು ಮೇಷ್ಟ್ರೇ. ಈ ದಾರಿ ಕಾದು. ದಾರಿ ಇದಲ್ಲ ಅಂತ!"

ಅವನು ಹೇಳಿದ್ದು ಸರಿಯೇ. ತೆಲುಗಿನಲ್ಲಿ ಕಾದು ಎಂದರೆ ಅಲ್ಲ. ಅದೇ ಅಕ್ಷರ, ಅದೇ ಉಚ್ಚಾರ. ಕನ್ನಡದವನಿಗೆ ಕಾಯುವುದು, ತೆಲುಗಿನವನಿಗೆ ಅಲ್ಲವೆನ್ನುವುದು. ಹಾಗಿದ್ದರೆ ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ರೇಗಿದೆ. ಕಾಲ ಕೆಳಗೆ ಚಪ್ಪಡಿ ಹಾಸಿದ ದಾರಿಯಿರುವಾಗ ಒಬ್ಬಳು ಕೂತು ಇದು ದಾರಿಯಲ್ಲ ಎಂದರೆ ನಾನೇನು ಮಾಡಲಿ ಎಂದು ಅವನೂ ರೇಗಿದ. ಭಾವ ಮಾತ್ರ ಎತ್ತುಗಳಿಗೆ ಹೊಯ್ ಹೊಯ್ ಎನ್ನುತ್ತ ಗಾಡಿ ಹೊಡೆಯುತ್ತಿದ್ದರು.

ಮಾರನೆಯ ದಿನ ಕಾಲೇಜು ಬಿಟ್ಟವನೇ ಸ್ಟುಡಿಯೋಗೆ ಹೋದೆ. ಜಬ್ಬಾರ್ ಪ್ರಿಂಟುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಹರಡಿದ. ಎಲ್ಲವೂ ಸ್ಪಷ್ಟವಾಗಿ ಬಂದಿದ್ದವು. ಬೆಟ್ಟ ಇತ್ತು, ಆಕಾಶ ಇತ್ತು, ದೊಡ್ಡ ಗುಂಡು ಇತ್ತು, ಹೊರೆ ಇಳಿಸುವ ಕಲ್ಲು ಇತ್ತು. ದಾರಿ ಇರಲಿಲ್ಲ. ದಾರಿಯಿದ್ದ ಕಡೆಯೆಲ್ಲ ಕಾರೆಮುಳ್ಳು, ಸೀಗೆಮೆಳೆ, ಬಂದರೆ ಗಿಡ. ನಾನು ತೊಡೆಯವರೆಗೆ ಮುಳ್ಳಿನಲ್ಲಿ ಮುಳುಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ದೊರೆಯ ಹಾಗೆ ನಗುತ್ತಿದ್ದೆ. ಹಾಗೆ ಮುಳ್ಳಿನ ನಡುವೆ ನಿಂತು ನಗುವವನನ್ನು ಜನ ಆಸ್ಪತ್ರೆಗೆ ಸೇರಿಸುತ್ತಾರೆ.

ಮೊದಲು ನಾನು ಬೈದದ್ದು ಜಬ್ಬಾರನನ್ನು. ಯಾವುದೋ ಬೇರೆ ರೋಲು ತೊಳೆದಿದ್ದೀಯ ಎಂದೆ. "ಅದರಲ್ಲಿ ಇರೋದು ನಿಮ್ಮ ಮೂತಿ ತಾನೇ? ಬೇರೆ ರೋಲಿಗೆ ನಿಮ್ಮ ಮೂತಿ ನಾನು ಎಲ್ಲಿಂದ ತರಲಿ?" ಎಂದು ಅವನು ಕೂಗಿದ. ಬಿಸಿಲಿನ ದೋಷವೆನ್ನೋಣವೆಂದರೆ ಎಲ್ಲವೂ ಸರಿಯಾಗಿತ್ತು, ಎಲೆಗಳನ್ನು ಎಣಿಸಬಹುದಿತ್ತು. ಕಾಲೇಜಿನ ಭೌತಶಾಸ್ತ್ರದವರು ಕೋನ, ಪ್ರತಿಫಲನ ಎಂದೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದರು. ಹಾಗಿದ್ದರೆ ಮುಳ್ಳು ಎಲ್ಲಿಂದ ಬಂತು ಎಂದು ಕೇಳಿದೆ. ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದರು.

ಮುಂದಿನ ಭಾನುವಾರ ಮತ್ತೆ ಹೋದೆವು. ತೋಪು ಅದೇ, ಗುಂಡು ಅದೇ. ಗುಂಡು ಬಳಸಿದರೆ ಎದುರಿಗೆ ಮುಳ್ಳಿನ ಗೋಡೆ. ಮಚ್ಚಿನಿಂದ ಕಡಿದು ಕಡಿದು ನುಗ್ಗಿದೆವು. ಚಪ್ಪಡಿ ಸಿಗಬಹುದೆಂದು ನಾನು ಕೈಯಿಂದ ಮಣ್ಣು ಕೆದಕಿದೆ. ಬರೀ ಉರುಟು ಕಲ್ಲುಗಳು. ಅಂಗಿ ಹರಿಯಿತು, ಜಬ್ಬಾರನ ಹಣೆಗೆ ಗೀರು ಬಿತ್ತು. ಕೆಳಗೆ ಬಂದು ಕಾವಲುಗಾರನನ್ನು ಕೇಳಿದರೆ ಅವನು ನಮ್ಮನ್ನು ಪೆಚ್ಚುಪೆಚ್ಚಾಗಿ ನೋಡಿದ. "ಅಲ್ಲಿ ದಾರಿ ಯಾವ್ದು ಸಾಮಿ? ನಾ ಹುಟ್ಟಿದಾಗ್ಲಿಂದ ಇಲ್ಲ." "ಮೊನ್ನೆ ನಾವು ಹೋದದ್ದನ್ನ ನೋಡಿದ್ಯಲ್ಲಪ್ಪ?" "ನೋಡ್ದೆ ಸಾಮಿ. ಬೇಲಿ ದಾಟಿ ಹೋದ್ರಿ. ಎಲ್ಲೋ ಬಯಲಿಗೆ ಕೂರಕ್ಕೆ ಹೋದ್ರು ಅಂದ್ಕೊಂಡೆ." ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

ಇಂಜಿನಿಯರು ಕೊಟ್ಟಿದ್ದ ಗಡುವು ಹತ್ತಿರ ಬಂದಿತ್ತು. ಬೇರೇನೂ ತೋಚದೆ ಅವೇ ಫೋಟೋಗಳನ್ನು ತೆಗೆದುಕೊಂಡು ಹೋದೆ. ಕನಿಷ್ಠ ಹೊರೆ ಇಳಿಸುವ ಕಲ್ಲಾದರೂ ಬಿದ್ದಿದೆಯಲ್ಲ, ದಾರಿಯಿಲ್ಲದ ಕಡೆ ಆ ಕಲ್ಲನ್ನು ಯಾರು ನೆಡುತ್ತಾರೆ ಎಂದು ವಾದಿಸಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ತಾಳ್ಮೆಯಿಂದ ನೋಡಿದರು. "ಕಾಲುದಾರಿ ಇದ್ದಿರಬಹುದು. ಗಾಡಿದಾರಿ ಎಲ್ಲಿದೆ ಮೇಷ್ಟ್ರೇ?" ನಾವು ಅದರಲ್ಲೇ ನಡೆದು ಊಟದ ಹೊತ್ತಿಗೆ ಆಚೆ ಸೇರಿದೆವು, ಅಕ್ಕ ಕಣ್ಣಾರೆ ನೋಡಿದ್ದಾಳೆ ಎಂದೆ. "ನಿಮ್ಮಕ್ಕ ನೋಡಿದ್ದನ್ನ ನಾನು ಫೈಲಿಗೆ ಹಾಕೋಕೆ ಆಗುತ್ತಾ ಹೇಳಿ?" ಎಂದರು. ಫೋಟೋಗಳನ್ನು ಮಾತ್ರ ಫೈಲಿಗೆ ಸೇರಿಸಿಕೊಂಡರು. ರಸ್ತೆ ಬೆಟ್ಟ ಬಳಸಿಯೇ ಆಯಿತು. ಬಸ್ಸು ಬಂತು, ಊರೂರು ಸುತ್ತಿ ಉಸಿರು ಕಟ್ಟಿಕೊಂಡು ಬರುವ ಬಸ್ಸು.

ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಫೋಟೋದಲ್ಲಿ ದಾರಿ ಬಿದ್ದಿಲ್ಲ ಎಂದರೆ ಅವಳಿಗೆ ಅರ್ಥವೇ ಆಗಲಿಲ್ಲ. "ಬಿದ್ದಿಲ್ಲ ಅಂದ್ರೆ? ನೀನು ಬಂದ್ಯಲ್ಲೋ! ನಾನು ನೋಡಿದ್ನಲ್ಲೋ!" ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ಆಮೇಲೆ ಆ ವಿಷಯ ಎತ್ತುವುದನ್ನೇ ಬಿಟ್ಟಳು. ಆ ಹೆಂಗಸು ಯಾರೆಂದು ವಿಚಾರಿಸು ಎಂದಿದ್ದೆ. ಮೇಕೆ ಸಾಕಿದ ಮನೆಗಳಲ್ಲೆಲ್ಲ ಕೇಳಿ ಬಂದಳು. ಎಲ್ಲರೂ ನಾನಲ್ಲ ಎಂದರು. ಹೋಗಲಿ, ನಿಮ್ಮೂರಿನವರು ಈ ದಾರಿ ಕಾದು ಎಂದರೆ ಯಾವ ಅರ್ಥದಲ್ಲಿ ಹೇಳುತ್ತಾರೆ ಎಂದು ಕೇಳಿದೆ. ಅಕ್ಕ ಯೋಚಿಸಿ, "ಎರಡರಲ್ಲೂ ಹೇಳ್ತೀವಿ ಕಣೋ. ಎದುರಿಗೆ ಇರೋರು ಯಾರು ಅಂತ ನೋಡ್ಕೊಂಡು ಹೇಳ್ತೀವಿ," ಎಂದಳು. ಅಲ್ಲಿ ಎದುರಿಗೆ ಇದ್ದವರು ನಾನು ಮತ್ತು ಜಬ್ಬಾರ್ ಇಬ್ಬರೂ.

ಜಬ್ಬಾರನಿಗೂ ನನಗೂ ಸ್ನೇಹ ಉಳಿಯಿತು, ಕಣಿವೆ ಸುತ್ತುವುದು ನಿಂತಿತು. ನೆಗೆಟಿವ್ ಕೊಡು ಎಂದರೆ ಅವನು ಕೊಡುತ್ತಿರಲಿಲ್ಲ. ಅದನ್ನು ಇನ್ನೊಬ್ಬರಿಗೆ ತೋರಿಸಿದರೆ ಜಬ್ಬಾರನ ಕ್ಯಾಮೆರಾ ದಾರಿ ನುಂಗುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಮದುವೆಗೆ ಯಾರು ಕರೆಯುತ್ತಾರೆ ಎನ್ನುತ್ತಿದ್ದ. ಎಂಬತ್ತರ ದಶಕದ ನಡುವೆ ಅವನು ಸ್ಟುಡಿಯೋವನ್ನು ಬೇರೆ ಬೀದಿಗೆ ಸಾಗಿಸಿದ. ಸಾಮಾನು ಕಟ್ಟುವಾಗ ಆ ನೆಗೆಟಿವ್ ಕೈಗೆ ಸಿಕ್ಕಿತಂತೆ. ನಾನು ಮುಳ್ಳಿನಲ್ಲಿ ನಿಂತು ನಗುತ್ತಿದ್ದ ಆ ಒಂದನ್ನು ದೊಡ್ಡದಾಗಿ ಪ್ರಿಂಟು ಮಾಡಿ, ತಮಾಷೆಗೆಂದು ನನ್ನ ಮನೆಗೆ ಕಳಿಸಿದ.

ಆಗ ಅವರೆಕಾಯಿಯ ಕಾಲ. ನನ್ನ ಮಗನ ಮದುವೆಗೆಂದು ಬಂದ ಅಕ್ಕ ನಮ್ಮಲ್ಲೇ ಉಳಿದಿದ್ದಳು. ನಡುಮನೆಯಲ್ಲಿ ಕೂತು ಅವರೆಬೇಳೆ ಹಿತುಕುತ್ತಿದ್ದಳು. ನಾನು ಫೋಟೋ ನೋಡಿ ಮುಖ ಸಿಂಡರಿಸಿ ಪಕ್ಕಕ್ಕಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಂಡಳು. ಆ ಫೋಟೋ ಅವಳು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು.

"ಯಾಕೋ ಸುಳ್ಳು ಹೇಳ್ದೆ?" ಎಂದಳು.

"ಏನಕ್ಕಾ?"

"ದಾರಿ ಬಿದ್ದಿಲ್ಲ ಅಂದೆ. ಇಲ್ಲೇ ಇದ್ಯಲ್ಲೋ. ನೀನು ನಿಂತಿರೋದೇ ದಾರಿ ಮೇಲಲ್ವಾ?"

ಅವಳು ಬೆರಳಿಟ್ಟು ತೋರಿಸಿದಳು. ಬೆರಳು ನನ್ನ ಕಾಲ ಬುಡದಿಂದ ಹೊರಟು, ಒಂದು ಕಡೆ ಎಡಕ್ಕೆ ತಿರುಗಿ, ಮತ್ತೊಂದು ಕಡೆ ಬಲಕ್ಕೆ ತಿರುಗಿ, ಮೇಲಿನ ಕಲ್ಲಿನ ಹತ್ತಿರ ನಿಂತಿತು. ಅಂದು ದಾರಿ ಹೀಗೆಯೇ ತಿರುಗಿತ್ತು. ನಾನು ಇದನ್ನು ಅವಳಿಗೆ ಎಂದಾದರೂ ಹೇಳಿದ್ದೆನೇ? ಹೇಳಿರಬಹುದು, ನೆನಪಿಲ್ಲ. ನಾನು ಕಿಟಕಿಯ ಬಳಿ ಹೋಗಿ ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಮುಳ್ಳು. ಹೆಂಡತಿಯನ್ನು ಕರೆದು ತೋರಿಸಿದೆ. ಮುಳ್ಳು ಎಂದಳು. ಅಕ್ಕನ ಕಣ್ಣಿಗೆ ದೋಷವಿರಲಿಲ್ಲ, ಆಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನ ಸಮಾಧಾನಕ್ಕೆ ಹಾಗೆಂದಳು ಎನ್ನಲೂ ಆಗದು. ಯಾರ ಸಮಾಧಾನಕ್ಕೂ ಮಾತಾಡುವ ಹೆಂಗಸಲ್ಲ ಅವಳು. "ಆಗ್ಲೇ ನನಗೆ ತೋರ್ಸಿದ್ರೆ ನಾನೇ ಬಂದು ಆ ಇಂಜಿನಿಯರ್‌ಗೆ ತೋರಿಸ್ತಿದ್ನಲ್ಲೋ," ಎಂದಳು. ಆಮೇಲೆ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ನನಗೂ ಅವಳ ಮೇಲೆ, ಫೋಟೋದ ಮೇಲೆ, ನನ್ನ ಕಣ್ಣಿನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು.

ಎರಡು ದಿನ ಬಿಟ್ಟು ಅವಳನ್ನು ಊರಿಗೆ ಬಿಟ್ಟುಬರಲು ನಾನೇ ಹೊರಟೆ. ಫೋಟೋವನ್ನು ಅವಳು ಒಂದು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿದೆವು. ಬೆಟ್ಟದ ಬುಡದ ಮಾವಿನ ತೋಪು ಕಾಣಿಸಿತು. ಅಕ್ಕ ಚೀಲ ಹಿಡಿದು ಎದ್ದು ನಿಂತಳು.

"ಸ್ವಲ್ಪ ನಿಲ್ಲಿಸಪ್ಪಾ," ಎಂದು ಕಂಡಕ್ಟರಿಗೆ ಕೂಗಿದಳು. ನನ್ನ ಕಡೆ ತಿರುಗಿ, "ನೀನು ಇದರಲ್ಲೇ ಹೋಗು. ನಾನು ಇಲ್ಲಿ ಇಳೀತೀನಿ, ಬೇಗ ಮನೆ ಸೇರ್ಬೋದು," ಎಂದಳು. ದಿನವೂ ಹೋಗಿಬರುವ ದಾರಿಯ ಬಗ್ಗೆ ಮಾತಾಡುವ ಹಾಗೆ ಹೇಳಿದಳು.

ಬಸ್ಸು ನಿಂತಿತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಇನ್ನೂ ಬಿಗಿಯಾಗಿ ಹಿಡಿದೆ. ಜನ ನೋಡುತ್ತಿದ್ದರು. "ಇಳಿಯೋರು ಇಳೀರಮ್ಮಾ," ಎಂದು ಕಂಡಕ್ಟರ್ ಗದರಿದ. "ಯಾರೂ ಇಲ್ಲ, ರೈಟ್ ರೈಟ್," ಎಂದು ನಾನೇ ಕೂಗಿದೆ. ಬಸ್ಸು ಹೊರಟಿತು. ಅಕ್ಕ ಕೂತಳು. ಬೆಟ್ಟ ಬಳಸಿ ಊರು ಸೇರುವವರೆಗೂ ನಾನು ಅವಳ ಕೈ ಬಿಡಲಿಲ್ಲ.

ಅಕ್ಕ ಈಗಿಲ್ಲ. ಅಂದು ನಾನು ಅವಳನ್ನು ಮುಳ್ಳಿನಿಂದ ಉಳಿಸಿದೆನೋ, ಅವಳ ದಾರಿಯನ್ನೇ ತಪ್ಪಿಸಿದೆನೋ, ನನಗೆ ಗೊತ್ತಿಲ್ಲ.